ಸ್ಮಾರಕದಿಂದ ನೂರು ಮೀಟರ್ ಒಳಗಿನ ಹಳೇ ಮನೆ: ರಿಪೇರಿ ಎಲ್ಲಿಗೆ ಮುಗಿಯುತ್ತೆ, ಹೊಸ ಕಟ್ಟಡ ಎಲ್ಲಿಂದ ಶುರು?

ಜಂತೆಮನೆ
ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇರುವ ಊರುಗಳಲ್ಲೆಲ್ಲ ಇದೇ ತಕರಾರು. ದೇವಸ್ಥಾನಕ್ಕೋ ಕೋಟೆಗೋ ಅಂಟಿಕೊಂಡ ಓಣಿ, ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಅಂದ್ರೆ ತೊಲೆ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ. ಮಳೆಗಾಲದಲ್ಲಿ ಸೋರುತ್ತೆ, ತೊಲೆ ಬಾಗಿದೆ. ಒಬ್ಬರು "ಒಂದು ಇಟ್ಟಿಗೆ ಮುಟ್ಟಿದರೂ ಜೈಲು" ಅಂತಾರೆ, ಇನ್ನೊಬ್ಬರು "ಪಂಚಾಯಿತಿ ಲೈಸೆನ್ಸ್ ಇದ್ರೆ ಯಾರೂ ಕೇಳಲ್ಲ" ಅಂತಾರೆ. ಗೊತ್ತಿರೋರು ಬಿಡಿಸಿ ಹೇಳಿ: ನೂರು ಮೀಟರನ್ನ ಎಲ್ಲಿಂದ ಅಳೀತಾರೆ? ಮಾಳಿಗೆ ತೆಗೆದು ಆರ್‌ಸಿಸಿ ಹಾಕಿದ್ರೆ ಅದು ರಿಪೇರಿನಾ? ಅರ್ಜಿ ಯಾರಿಗೆ? ಮನೆ ಮಾರೋಕೆ ಅಡ್ಡಿ ಇದೆಯಾ?

ಸುಮ್ನೆ_ಓದುಗ
ಪಂಚಾಯಿತಿ ಲೈಸೆನ್ಸ್ ಸಾಕು ಅಂದವರ ಹೆಸರು ಬರೆದಿಟ್ಕೊಳ್ಳಿ, ನೋಟಿಸ್ ಬಂದಾಗ ಅವರು ಊರಲ್ಲಿರಲ್ಲ.

ಕಲಂ20
ಮೊದಲು ಬುನಾದಿ. ಕಾಯ್ದೆ 1958ರದ್ದು: ಪ್ರಾಚೀನ ಸ್ಮಾರಕಗಳು, ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಕಾಯ್ದೆ. ಆದರೆ ಮನೆಯವರಿಗೆ ಬಿಸಿ ತಟ್ಟಿಸಿದ್ದು ಎರಡು ದಿನಾಂಕ. 1992ರ ಜೂನ್ 16ರ ಅಧಿಸೂಚನೆ ಸ್ಮಾರಕದ ಸುತ್ತ 100 ಮೀಟರನ್ನ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರನ್ನ ನಿಯಂತ್ರಿತ ಪ್ರದೇಶ ಅಂತ ಘೋಷಿಸಿತು. ಆಮೇಲೂ ಇಲಾಖೆ ಒಂದು ತಜ್ಞರ ಸಮಿತಿ ಇಟ್ಕೊಂಡು ನಿಷೇಧಿತ ಪ್ರದೇಶದೊಳಗೇ ಅನುಮತಿ ಕೊಡ್ತಾ ಇತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಆ ಸಮಿತಿಗೆ ಕಾನೂನಿನ ಆಧಾರವೇ ಇಲ್ಲ ಅಂದಿತು. ಅದರ ಬೆನ್ನಿಗೇ 2010ರ ತಿದ್ದುಪಡಿ ಬಂತು. ಈಗ ಆ ಎರಡು ಉಂಗುರಗಳು ಕಾಯ್ದೆಯೊಳಗೇ ಇವೆ: ಕಲಂ 20ಎ, 20ಬಿ. ಯಾವ ಅಧಿಕಾರಿಯೂ "ನೋಡೋಣ ಬಿಡಿ" ಅಂತ ಸಡಿಲಿಸೋ ಹಾಗಿಲ್ಲ.

ಶಿಕ್ಷೆ 30ಎ, 30ಬಿ: ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಷೇಧಿತದಲ್ಲಿ ಕಟ್ಟಿದರೂ ಅಷ್ಟೇ, ನಿಯಂತ್ರಿತದಲ್ಲಿ ಅನುಮತಿ ಇಲ್ಲದೆ ಕಟ್ಟಿದರೂ ಅಷ್ಟೇ. ಕಟ್ಟಿದ್ದನ್ನ ಕೆಡವಿಸೋದು ಬೇರೆ.

ಸರಪಳಿ_ಮಾಪಕ
ದೂರದ ಪ್ರಶ್ನೆಗೆ ನನ್ನ ಉತ್ತರ. ಗೋಪುರದ ತುದಿಯಿಂದಲ್ಲ, ಗರ್ಭಗುಡಿಯಿಂದಲೂ ಅಲ್ಲ. ಸಂರಕ್ಷಿತ ಪ್ರದೇಶದ ಗಡಿಯಿಂದ. ಅದು ಅಧಿಸೂಚನೆಯಲ್ಲಿರೋ ಸರ್ವೆ ನಂಬರಿನ ಗಡಿ. ಇಲಾಖೆಯವರು ಹಾಕಿರೋ ತಂತಿಬೇಲಿ ಆ ಗಡಿಯೇ ಆಗಿರಬೇಕು ಅಂತ ಏನಿಲ್ಲ. ಬೇಲಿ ಒಳಗೆ ಸರಿದಿದ್ದು ಸರ್ವೆ ನಂಬರು ಇನ್ನೂ ಹದಿನೈದು ಮೀಟರ್ ಹೊರಗೆ ಚಾಚಿರಬಹುದು. ಆಗ ಬೇಲಿಯಿಂದ 110 ಮೀಟರ್ ಅಂತ ನೆಮ್ಮದಿಯಾಗಿ ಕೂತವರು ಕಾಗದದ ಪ್ರಕಾರ 95ರಲ್ಲಿ ಇರ್ತಾರೆ. ತಿರುಗುಮುರುಗಾಗಿಯೂ ಆಗುತ್ತೆ.

ಅಳೆಯೋದು ನೇರ ಗೆರೆ, ಎಲ್ಲ ದಿಕ್ಕಿಗೂ. ರಸ್ತೆ ಸುತ್ತಿ ಹೋಗೋ ದೂರ ಲೆಕ್ಕಕ್ಕಿಲ್ಲ, ನಡುವೆ ಹೊಳೆ ಇದ್ದರೂ ಲೆಕ್ಕ ಬದಲಾಗಲ್ಲ. ಮೊಬೈಲ್ ಜಿಪಿಎಸ್ ಐದರಿಂದ ಹತ್ತು ಮೀಟರ್ ಆಚೀಚೆ ತೋರಿಸುತ್ತೆ, ಓಣಿಯಲ್ಲಿ ಗೋಡೆಗಳ ನಡುವೆ ಇನ್ನೂ ಜಾಸ್ತಿ. ನಿವೇಶನ 85ರಿಂದ 115ರ ನಡುವೆ ಬರುತ್ತೆ ಅನ್ನಿಸಿದ್ರೆ ಮೊಬೈಲ್ ಪಕ್ಕಕ್ಕಿಟ್ಟು ಹದ್ದುಬಸ್ತಿಗೆ ಅರ್ಜಿ ಹಾಕಿ. ಸ್ಮಾರಕದ ಸರ್ವೆ ನಂಬರಿನ ನಕ್ಷೆ, ಅಧಿಸೂಚನೆಯ ಪ್ರತಿ ಎರಡನ್ನೂ ಮಾಹಿತಿ ಹಕ್ಕಿನಲ್ಲಿ ಇಲಾಖೆಯ ವೃತ್ತ ಕಚೇರಿಯಿಂದ ತೆಗೀರಿ. ನಮ್ಮಲ್ಲಿ ಬೆಂಗಳೂರು, ಧಾರವಾಡ, ಹಂಪಿ ಅಂತ ಮೂರು ವೃತ್ತಗಳಿವೆ.

ಜಂತೆಮನೆ
ನಿವೇಶನ ಅರ್ಧ ಒಳಗೆ ಅರ್ಧ ಹೊರಗೆ ಬಂದ್ರೆ?

ಸರಪಳಿ_ಮಾಪಕ
ಗೆರೆ ನಿವೇಶನದ ಮಧ್ಯೆ ಹೋದ್ರೆ ಒಳಗಿನ ಭಾಗ ಖಾಲಿ ಬಿಟ್ಟು ಹೊರಗಿನದಕ್ಕೆ ನಿಯಂತ್ರಿತ ಪ್ರದೇಶದ ಅರ್ಜಿ ಹಾಕೋದು. ನಕ್ಷೆಯಲ್ಲಿ ಆ ಗೆರೆಯನ್ನ ಕಣ್ಣಿಗೆ ಹೊಡೆಯೋ ಹಾಗೆ ಎಳೆದು ತೋರಿಸಬೇಕು. ಮೆಟ್ಟಿಲು, ಸಜ್ಜಾ, ಸೆಪ್ಟಿಕ್ ಗುಂಡಿ ಯಾವುದೂ ಗೆರೆ ದಾಟಬಾರದು. ಎಡವೋದು ಇಲ್ಲೇ: ಗೋಡೆ ಹೊರಗೆ ನಿಲ್ಲಿಸಿ ಬಾಲ್ಕನಿಯನ್ನ ಎರಡು ಅಡಿ ಒಳಗೆ ಚಾಚಿರ್ತಾರೆ.

ಬಾರಾಕಮಾನ್_ಓಣಿ
ನಿಮ್ದೆಲ್ಲಾ ಒಂದ ಸ್ಮಾರಕದ ಲೆಕ್ಕ ಆತ್ರಿ. ವಿಜಯಪುರಕ್ಕ ಬಂದ ನೋಡ್ರಿ. ಗೋಳಗುಮ್ಮಟ, ಬಾರಾಕಮಾನ್, ಜಾಮಿಯಾ ಮಸೀದಿ, ಗಗನ ಮಹಲ್, ಅಸರ್ ಮಹಲ್, ಒಂದರ ಚಕ್ರ ಮುಗಿಯೂದ್ರಾಗ ಇನ್ನೊಂದರ ಚಕ್ರ ಶುರು. ಒಂದರಿಂದ 240 ಮೀಟರ್ ದೂರ ಅಂತ ಖುಷಿಪಟ್ರ, ಹಿತ್ತಲದಾಗಿನ ಸಣ್ಣ ಗುಂಬಜ್‌ದಿಂದ 60 ಮೀಟರ್ ಇರತೈತಿ. ಅರ್ಜ್ಯಾಗ 300 ಮೀಟರ್ ಒಳಗಿನ ಎಲ್ಲಾ ಸಂರಕ್ಷಿತ ಸ್ಮಾರಕದ ಹೆಸರು, ದೂರ ಬರೀಬೇಕ್ರಿ. ದೊಡ್ಡದೊಂದ ಬರದು ಸಣ್ಣದು ಬಿಟ್ರ ಫೈಲ್ ವಾಪಸ್.

ಕಲಂ20
ಬಾರಾಕಮಾನ್ ಅವರು ಹೇಳಿದ್ದಕ್ಕೆ ಸೇರಿಸ್ತೀನಿ: ಕರ್ನಾಟಕದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳೇ ಐನೂರಕ್ಕೂ ಹೆಚ್ಚು. ತಾಜ್‌ಮಹಲಿಗೂ ನೂರು ಮೀಟರ್, ಹೊಲದಲ್ಲಿರೋ ಒಂದು ವೀರಗಲ್ಲಿಗೂ ನೂರು ಮೀಟರ್. ಕೈವಾರ ಇಟ್ಟು ಎಳೆದ ಗೆರೆ. ಸ್ಮಾರಕಕ್ಕೆ ತಕ್ಕ ಹಾಗೆ ಪಾರಂಪರಿಕ ಉಪವಿಧಿ ಮಾಡಬೇಕು ಅಂತ ಕಲಂ 20ಇ ಹೇಳುತ್ತೆ, ಎತ್ತರ, ಮುಂಭಾಗ, ಚರಂಡಿ ಎಲ್ಲ ಅದರಲ್ಲಿ ಬರುತ್ತೆ. ಆದರೆ ಉಪವಿಧಿ ಬಂದರೂ ನೂರು ಮೀಟರಿನ ನಿಷೇಧ ಕರಗಲ್ಲ. ಕರಡು ಪ್ರಕಟವಾದಾಗ ಆಕ್ಷೇಪಣೆ ಕರೀತಾರೆ. ಊರಿನವರು ಅದನ್ನ ನೋಡೋದೇ ಇಲ್ಲ, ಅಂತಿಮವಾದ ಮೇಲೆ ಬೈತಾರೆ.

ಗಾರೆಗಚ್ಚು
ಈಗ ಮಾಳಿಗೆಗೆ ಬರೋಣ, ಕಾನೂನಿಗಿಂತ ಮುಂಚೆ ಮನೆ ಬೀಳೋ ಕಾರಣ ಗೊತ್ತಿರಲಿ. ಮಾಳಿಗೆ ಸೋರಿದಾಗಲೆಲ್ಲ ಮೇಲೆ ಇನ್ನೊಂದು ಪದರ ಮಣ್ಣು ಹಾಕ್ತಾರೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಅರ್ಧ ಅಡಿ ಇದ್ದದ್ದು ಒಂದೂವರೆ ಅಡಿ ಆಗಿರುತ್ತೆ. ಒಂದಡಿ ದಪ್ಪದ ತೇವದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕಿಲೋ. ತೊಲೆ ಬಾಗೋದು ಮರ ಹಳೇದಾಯ್ತು ಅಂತಲ್ಲ, ಈ ಭಾರಕ್ಕೆ. ತೊಲೆಯ ತುದಿ ಗೋಡೆಯೊಳಗೆ ಕೂತಿರೋ ಒಂದಡಿ ಜಾಗದಲ್ಲಿ ಗೆದ್ದಲು, ತೇವ ಸೇರ್ಕೊಂಡು ಕೊಳೆಯುತ್ತೆ. ನಡುಭಾಗ ಗಟ್ಟಿಯಾಗೇ ಇರುತ್ತೆ.

ಹಾಗಾಗಿ ಮೊದಲ ಕೆಲಸ ಕೆಳಗೆ ಆಸರೆ ಕೊಟ್ಟು ಮೇಲಿನ ಮಣ್ಣು ಇಳಿಸೋದು. ಎರಡೂ ಕಡೆಯಿಂದ ಸಮನಾಗಿ ಇಳಿಸಬೇಕು, ಒಂದೇ ಮೂಲೆಯಿಂದ ತೆಗೆದರೆ ಇನ್ನೊಂದು ಪಕ್ಕಕ್ಕೆ ಭಾರ ವಾಲುತ್ತೆ. ಆಮೇಲೆ ಕೆಟ್ಟ ತೊಲೆಗಳನ್ನ ಒಂದೊಂದಾಗಿ ಬದಲಾಯಿಸಿ, ಜಂತೆ (ತೊಲೆ ಮೇಲಿನ ಸಣ್ಣ ಅಡ್ಡಮರ) ಹೊಂದಿಸಿ, ನಾಲ್ಕೈದು ಇಂಚು ಸವಳು ಮಣ್ಣು ಬಡಿದು ಮೇಲೆ ಸುಣ್ಣದ ಗಾರೆ. ಇಳಿಜಾರು ಹತ್ತಡಿಗೆ ಎರಡರಿಂದ ಮೂರು ಇಂಚು, ಮಳೆನೀರು ಹೊರಹಾಕೋ ದೋಣಿ ಗೋಡೆಯಿಂದ ಒಂದಡಿಯಾದ್ರೂ ಹೊರಗೆ ಚಾಚಿರಲಿ. ಇದಿಷ್ಟೂ ರಿಪೇರಿ. ಗೋಡೆ ಅದೇ, ಎತ್ತರ ಅದೇ.

ಜಂತೆಮನೆ
ಒಪ್ಪಿದೆ ಸರ್. ಆದ್ರೆ ಆರ್‌ಸಿಸಿ?

ಗಾರೆಗಚ್ಚು
ಮಣ್ಣಿನ ಗೋಡೆ ಮೇಲೆ ಆರ್‌ಸಿಸಿ ಹಾಕೋಕೆ ಹೋದ್ರೆ ಒಳಗೆ ಪಿಲ್ಲರ್ ಬೇಕು, ಪಿಲ್ಲರಿಗೆ ಪಾಯ ಬೇಕು, ಪಾಯಕ್ಕೆ ನಾಲ್ಕೈದು ಅಡಿ ಅಗೆಯಬೇಕು. ಅಷ್ಟೊತ್ತಿಗೆ ಹಳೇ ಗೋಡೆ ನಿಂತಿರಲ್ಲ. ಹೆಸರಿಗೆ ರಿಪೇರಿ, ಕಣ್ಣಿಗೆ ಹೊಸ ಮನೆ. ಪರಿಶೀಲನೆಗೆ ಬಂದವರಿಗೂ ಹಾಗೇ ಕಾಣೋದು.

ಕಲಂ20
ಇಡೀ ಜಗಳ ನಿಂತಿರೋದು ಈ ಮೂರು ಪದದ ಮೇಲೆ, ನಿಧಾನವಾಗಿ ಓದಿ. ಕಾಯ್ದೆಯಲ್ಲಿ "ರಿಪೇರಿ ಮತ್ತು ನವೀಕರಣ" ಅಂದ್ರೆ ಇರುವ ಕಟ್ಟಡದಲ್ಲಿ ಮಾಡೋ ಮಾರ್ಪಾಡು. "ಪುನರ್ನಿರ್ಮಾಣ" ಅಂದ್ರೆ ಮೊದಲಿದ್ದ ಕಟ್ಟಡವನ್ನ ಅದೇ ಉದ್ದ, ಅಗಲ, ಎತ್ತರಕ್ಕೆ ಮತ್ತೆ ಎಬ್ಬಿಸೋದು. "ನಿರ್ಮಾಣ" ಅಂದ್ರೆ ಹೊಸದು, ಜೊತೆಗೆ ಅಡ್ಡಕ್ಕೋ ಮೇಲಕ್ಕೋ ಸೇರಿಸಿದ್ದೆಲ್ಲ.

ನಿಷೇಧಿತ ಪ್ರದೇಶದಲ್ಲಿ ಅರ್ಜಿ ಹಾಕೋ ದಾರಿ ಕಲಂ 20ಸಿ ಒಂದೇ. ಅದು 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಕಟ್ಟಡದ, ಅಥವಾ ಆಮೇಲೆ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ್ದರ ಮಾಲೀಕರಿಗೆ ಮಾತ್ರ, ಅದೂ ರಿಪೇರಿ ಅಥವಾ ನವೀಕರಣಕ್ಕೆ. ನಿಯಂತ್ರಿತ ಪ್ರದೇಶಕ್ಕಾದರೆ ನಿರ್ಮಾಣ, ಪುನರ್ನಿರ್ಮಾಣ, ರಿಪೇರಿ, ನವೀಕರಣ ನಾಲ್ಕೂ ಕೇಳಬಹುದು.

ಮದ್ರಾಸ್_ತಾರಸಿ
ಒಂದು ನಿಮಿಷ. "ನಿರ್ಮಾಣ" ಪದದ ವ್ಯಾಖ್ಯೆಯಲ್ಲೇ ಪುನರ್ನಿರ್ಮಾಣ ಸೇರಲ್ಲ ಅಂತ ಬರೆದಿದೆ. 20ಎ ತಡೆಯೋದು ನಿರ್ಮಾಣವನ್ನ. ಹಾಗಿದ್ರೆ ಪುನರ್ನಿರ್ಮಾಣಕ್ಕೆ ತಡೆಯೇ ಇಲ್ಲ ಅಂತಾಯ್ತಲ್ಲ?

ಕಲಂ20
ವಕೀಲರು ವಾದಿಸೋಕೆ ಚೆನ್ನಾಗಿದೆ, ಮನೆ ಪಣಕ್ಕಿಡೋಕಲ್ಲ. 20ಸಿ ಒಂದೇ ಕಲಮಿನಲ್ಲಿ ನಿಷೇಧಿತಕ್ಕೆ ಎರಡು ಪದ, ನಿಯಂತ್ರಿತಕ್ಕೆ ನಾಲ್ಕು ಪದ ಬಳಸಿದೆ. ಬೇಕಂತಲೇ ಬಿಟ್ಟಿದ್ದಾರೆ ಅಂತಲೇ ಅರ್ಜಿ ನೋಡೋ ಪ್ರಾಧಿಕಾರ ಓದೋದು. ಕೆಡವಿ ಕಟ್ಟೋಕೆ ಅರ್ಜಿ ಹಾಕಿದ್ರೆ ತಿರಸ್ಕಾರ, ಹಾಕದೆ ಕಟ್ಟಿದ್ರೆ ಅದು ರಿಪೇರಿ ಅಲ್ಲ ನಿರ್ಮಾಣ ಅಂತ ನೋಟಿಸ್. ನೀವು ಹೇಳಿದ ವಾದವನ್ನ ಆಮೇಲೆ ಕೋರ್ಟಲ್ಲಿ ಮಾಡ್ತಾ ಕೂರಬೇಕು, ಮನೆ ಅರ್ಧಕ್ಕೆ ನಿಂತಿರುತ್ತೆ.

ಮದ್ರಾಸ್_ತಾರಸಿ
ಹಾಗಾದ್ರೆ ಮಳೆಗೆ ಮನೆ ಪೂರ್ತಿ ಬಿದ್ದವರ ಗತಿ? ಜಾಗ ಅವರದ್ದೇ, ತೆರಿಗೆ ಅವರೇ ಕಟ್ಟಬೇಕು, ಗೋಡೆ ಎಬ್ಬಿಸೋ ಹಾಗಿಲ್ಲ. ಇದು ನ್ಯಾಯನಾ?

ಕಲಂ20
ನ್ಯಾಯ ಅಂತ ನಾನೆಲ್ಲಿ ಅಂದೆ? ಕಾನೂನು ಏನು ಅಂತ ಹೇಳಿದೆ. ನನ್ನನ್ನ ಕೇಳಿದ್ರೆ ಈ ಕಾಯ್ದೆಯ ಅತಿ ಕೆಟ್ಟ ಜಾಗ ಇದೇ. ರಿಪೇರಿಗೆ ತಿಂಗಳುಗಟ್ಟಲೆ ಕಾಯಿಸಿ, ಕಾಯೋವಾಗ ಮನೆ ಬಿದ್ದರೆ "ಈಗ ರಿಪೇರಿ ಮಾಡೋಕೆ ಏನೂ ಉಳಿದಿಲ್ಲ" ಅನ್ನೋ ಸ್ಥಿತಿ.

ಉತಾರ_ಪಹಣಿ
ಅದಕ್ಕೇ ಬೀಳೋಕೆ ಮುಂಚೆ ದಾಖಲೆ ಮಾಡಿಟ್ಕೊಳ್ಳಿ ಅನ್ನೋದು. ನಾಲ್ಕೂ ಕಡೆಯಿಂದ ದಿನಾಂಕ ಸಹಿತ ಫೋಟೋ, ಪ್ರತಿ ಕೋಣೆಯ ಅಳತೆ, ನೆಲದಿಂದ ಮಾಳಿಗೆ ಅಂಚಿನವರೆಗೆ ಎತ್ತರ, ಬಾಗಿಲು ಕಿಟಕಿ ಎಲ್ಲಿವೆ ಅನ್ನೋದರ ನಕ್ಷೆ. ಒಂದು ಪಕ್ಕ ಬಿದ್ದ ದಿನವೇ ಗ್ರಾಮ ಆಡಳಿತಾಧಿಕಾರಿ ಕರೆಸಿ ಪಂಚನಾಮೆ, ಉಳಿದ ಗೋಡೆಗಳು ನಿಂತಿವೆ ಅಂತ ಅದರಲ್ಲಿ ಬರೆಸಿ. ಭಾಗಶಃ ಬಿದ್ದ ಮನೆಗೆ ರಿಪೇರಿ ಕೇಳೋಕೆ ನೆಲೆ ಇರುತ್ತೆ. ಉಳಿದ ಗೋಡೆಯನ್ನ ಅವಸರದಲ್ಲಿ ನೀವೇ ಉರುಳಿಸಿದ್ರೆ ಆ ನೆಲೆಯೂ ಹೋಯ್ತು.

1992ಕ್ಕೆ ಮುಂಚೆ ಮನೆ ಇತ್ತು ಅನ್ನೋದಕ್ಕೆ ಏನು ಕೊಡಬೇಕು ಅಂತ ಎಲ್ಲರೂ ತಡಕಾಡ್ತಾರೆ. ಪಹಣಿ ಕೊಟ್ರೆ ಉಪಯೋಗ ಇಲ್ಲ, ಅದು ಜಮೀನಿನದು, ಕಟ್ಟಡದ್ದಲ್ಲ. ಹಳೇ ಮನೆ ಕಂದಾಯದ ರಸೀದಿ, ಪಂಚಾಯಿತಿ ಅಥವಾ ಪುರಸಭೆಯ ಅಸೆಸ್‌ಮೆಂಟ್ ರಿಜಿಸ್ಟರ್ ನಕಲು, ಕರೆಂಟ್ ಸಂಪರ್ಕ ಕೊಟ್ಟ ತಾರೀಖಿನ ದೃಢೀಕರಣ, ಉತ್ತರ ಕರ್ನಾಟಕದ ಕಡೆ ಸಿಟಿಎಸ್ (ನಗರ ಸರ್ವೆ) ಉತಾರ. ಹಳೇ ಕ್ರಯಪತ್ರ ಇದ್ರೆ ಷೆಡ್ಯೂಲ್ ನೋಡಿ: "ಖಾಲಿ ನಿವೇಶನ" ಅಂತ ಇದೆಯೋ, "ಮಣ್ಣಿನ ಗೋಡೆ ಮಾಳಿಗೆ ಮನೆ" ಅಂತ ಇದೆಯೋ. ಆ ಒಂದು ಸಾಲು ಹತ್ತು ರಸೀದಿಗೆ ಸಮ. ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರ ಹುಡುಕ್ತಾ ಕೂರಬೇಡಿ, ಆ ಕಾಲದ ಉಪಗ್ರಹ ಚಿತ್ರದಲ್ಲಿ ಕೆರೆ ಕಾಣುತ್ತೆ, ಮನೆ ಕಾಣಲ್ಲ.

ಸುಮ್ನೆ_ಓದುಗ
ಅಜ್ಜಿ ಟ್ರಂಕಲ್ಲಿಟ್ಟಿರೋ ರಸೀದಿ ಕಟ್ಟು ಬಿಸಾಕಬೇಡಿ ಅಂತ ಮನೆಗೊಂದು ಬೋರ್ಡ್ ಹಾಕಬೇಕು.

ಜಂತೆಮನೆ
ಅರ್ಜಿ ಎಲ್ಲಿಗೆ, ಎಷ್ಟು ದಿನ ಹಿಡಿಯುತ್ತೆ?

ಉತಾರ_ಪಹಣಿ
ರಾಜ್ಯಕ್ಕೊಬ್ಬರು ಸಕ್ಷಮ ಪ್ರಾಧಿಕಾರ ಇರ್ತಾರೆ, ಅರ್ಜಿ ಅವರಿಗೆ. ತೀರ್ಮಾನಕ್ಕೆ ಶಿಫಾರಸು ಮಾಡೋದು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ. ಕಾಯ್ದೆಯ ಲೆಕ್ಕ ಹೀಗಿದೆ: ಅರ್ಜಿ ಬಂದ 15 ದಿನದೊಳಗೆ ದೆಹಲಿಗೆ ಕಳಿಸಬೇಕು, ಅಲ್ಲಿ ಎರಡು ತಿಂಗಳೊಳಗೆ ಶಿಫಾರಸು, ಅದು ಬಂದ ಒಂದು ತಿಂಗಳೊಳಗೆ ಆದೇಶ. ತಿರಸ್ಕರಿಸೋದಾದ್ರೆ ನಿಮ್ಮ ಮಾತು ಕೇಳಿಯೇ ತಿರಸ್ಕರಿಸಬೇಕು. ಆದ್ರೆ ಒಂದು ಕಾಗದ ಕಮ್ಮಿ ಅಂತ ವಾಪಸ್ ಬಂದ್ರೆ ಎಣಿಕೆ ಮತ್ತೆ ಮೊದಲಿಂದ ಅಂತಲೇ ಇಟ್ಕೊಳ್ಳಿ.

ವಾಪಸ್ ಬರೋ ಕಾರಣಗಳು ಹೆಚ್ಚುಕಡಿಮೆ ಇವೇ. ಎತ್ತರದಲ್ಲಿ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಪ್ಯಾರಪೆಟ್ ಸೇರಿಸದೇ ಇರೋದು. ನೆಲಮಾಳಿಗೆ ಇದ್ರೆ ಅಗೆತದ ಆಳ ಬರೀದೇ ಇರೋದು. ಇರುವ ಕಟ್ಟಡದ ನಕ್ಷೆ ಕೊಡದೆ ಬರೀ ಹೊಸ ನಕ್ಷೆ ಕೊಡೋದು. ಸ್ಮಾರಕದ ಕಡೆಗೆ ಮುಖ ಮಾಡಿ ತೆಗೆದ ಫೋಟೋ ಇಲ್ಲದಿರೋದು. ಖಾತೆ ಸತ್ತವರ ಹೆಸರಲ್ಲಿದ್ದು ಅರ್ಜಿ ಮಗನ ಹೆಸರಲ್ಲಿರೋದು. ಈ ಕೊನೇದಕ್ಕೆ ಪೌತಿ ಖಾತೆ ಮೊದಲು ಮಾಡಿಸಿ, ಆಮೇಲೆ ಮಿಕ್ಕಿದ್ದು.

ಇನ್ನೊಂದು: ಈ ಅರ್ಜಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಕ್ಕಿತು ಅಂದ್ರೆ ಕಟ್ಟೋ ಪರವಾನಗಿ ಸಿಕ್ಕಿದಂತಲ್ಲ. ಅದನ್ನ ಜೊತೆಗಿಟ್ಟು ಪಂಚಾಯಿತಿ ಅಥವಾ ಪುರಸಭೆಯ ಲೈಸೆನ್ಸ್ ಬೇರೆ ತಗೋಬೇಕು. ಲೈಸೆನ್ಸ್ ನಕ್ಷೆ ಒಂದು, ಎನ್‌ಒಸಿ ನಕ್ಷೆ ಇನ್ನೊಂದು ಆಗಿದ್ರೆ ಎರಡೂ ಕೆಲಸಕ್ಕೆ ಬರಲ್ಲ.

ಬಾರಾಕಮಾನ್_ಓಣಿ
ಸುಣ್ಣ ಬಳಿಯಾಕೂ ದಿಲ್ಲಿಗೆ ಬರೀಬೇಕೇನ್ರಿ?

ಕಲಂ20
ಬೇಡ. ರಿಪೇರಿಯ ವ್ಯಾಖ್ಯೆಯಲ್ಲಿರೋದು ಕಟ್ಟಡದ ಮಾರ್ಪಾಡು. ಸುಣ್ಣಬಣ್ಣ, ಒಡೆದ ಹೆಂಚು ಬದಲಿಸೋದು ಮಾರ್ಪಾಡಲ್ಲ. ತೊಲೆ, ಗೋಡೆ, ಚಾವಣಿಗೆ ಕೈ ಹಾಕ್ತೀರಿ ಅಂದ್ರೆ ಅರ್ಜಿ ಹಾಕಿ.

ಬಾರಾಕಮಾನ್_ಓಣಿ
ಮತ್ತ ಪಾಯಿಖಾನಿ? ಸರಕಾರನ ಮನಿಗೊಂದು ಕಟ್ಟಸ್ರಿ ಅಂತೈತಿ, ಇವರು ಕಟ್ಟಬ್ಯಾಡ್ರಿ ಅಂತಾರ.

ಕಲಂ20
ಚರಂಡಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕರಿಗೆ ನೀರು, ವಿದ್ಯುತ್ ಪೂರೈಕೆ ಇವು "ನಿರ್ಮಾಣ"ದ ವ್ಯಾಖ್ಯೆಯಿಂದ ಹೊರಗಿವೆ. ಮನೆಯ ಖಾಸಗಿ ಶೌಚಾಲಯಕ್ಕೆ ಆ ವಿನಾಯಿತಿ ಇಲ್ಲ, ಅಂಗಳದಲ್ಲಿ ಹೊಸದಾಗಿ ಕಟ್ಟಿದ್ರೆ ನಿರ್ಮಾಣವೇ. ಮನೆಯೊಳಗೇ ಇರೋ ಬಚ್ಚಲನ್ನೋ ಸಾಮಾನಿನ ಕೋಣೆಯನ್ನೋ ಪರಿವರ್ತಿಸಿ ಅಂತ ನವೀಕರಣದ ಅರ್ಜಿಯಲ್ಲೇ ಬರೆಯಿರಿ. ಗುಂಡಿ ಅಗೆಯೋ ಬದಲು ಒಳಚರಂಡಿಗೆ ಜೋಡಿಸೋಕೆ ಆಗೋದಾದ್ರೆ ಇನ್ನೂ ಸುಲಭ.

ತುಂಗೆದಂಡೆ
ಹಂಪಿ ಸುತ್ತಮುತ್ತ ಇರೋರು ಇಷ್ಟಕ್ಕೇ ನಿಲ್ಲಿಸಬೇಡಿ. ಅಲ್ಲಿ ಇನ್ನೊಂದು ಪದರ ಇದೆ: ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ, 2002ರ ಕಾಯ್ದೆ. ಸ್ಮಾರಕದಿಂದ 300 ಮೀಟರ್ ಆಚೆ ಇದ್ದೀವಿ, ನಾವು ಪಾರು ಅಂದುಕೊಂಡ್ರೆ ಆಗಲ್ಲ, ಆ ಪ್ರಾಧಿಕಾರದ ವ್ಯಾಪ್ತಿಯೊಳಗೆ ಎಲ್ಲಿದ್ದರೂ ಅವರ ಅನುಮತಿ ಬೇಕು. ಹೊಲದಲ್ಲಿ ಹೋಂಸ್ಟೇ, ಹೋಟೆಲ್ ಮಾಡೋದೂ ಭೂಬಳಕೆ ಬದಲಾವಣೆಯೇ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ತೆರವನ್ನ ಎತ್ತಿಹಿಡಿದದ್ದು ನೆನಪಿರಲಿ.

ಸುಮ್ನೆ_ಓದುಗ
ಎಲ್ಲ ಯುನೆಸ್ಕೊ ಮಾಡಿದ್ದು. ಬೇಲೂರು, ಹಳೇಬೀಡಿಗೂ ಈಗ ಅದೇ ಗತಿ.

ತುಂಗೆದಂಡೆ
ಇದೊಂದು ತಪ್ಪು ತಿಳುವಳಿಕೆ ಗುರು. ಯುನೆಸ್ಕೊ ಒಂದು ಇಟ್ಟಿಗೆ ಕೆಡವಿಸಲ್ಲ, ಅದಕ್ಕೆ ಆ ಅಧಿಕಾರ ಇಲ್ಲ. ಪಟ್ಟಿಗೆ ಸೇರಿಸುತ್ತೆ, ಹೆಚ್ಚೆಂದರೆ ಅಪಾಯದ ಪಟ್ಟಿಗೆ ಹಾಕುತ್ತೆ. ಹಂಪಿಯನ್ನ 1999ರಿಂದ 2006ರವರೆಗೆ ಹಾಗೇ ಇಟ್ಟಿತ್ತು. ಕೆಡವೋದು ಕಟ್ಟೋದು ಎಲ್ಲ ನಮ್ಮ ಕಾಯ್ದೆಗಳ ಕೆಲಸ. ಬೇಲೂರು, ಹಳೇಬೀಡು, ಸೋಮನಾಥಪುರ ಪಟ್ಟಿಗೆ ಸೇರಿದ್ದು 2023ರಲ್ಲಿ, ಅಲ್ಲಿನ ನೂರು ಮೀಟರ್ ಅದಕ್ಕಿಂತ ಹಳೇದು.

ಮದ್ರಾಸ್_ತಾರಸಿ
ಪರಿಹಾರದ ಮಾತು ಯಾರೂ ಎತ್ತಲಿಲ್ಲ. ಮುಂಬೈಯಲ್ಲಿ 1995ರಿಂದಲೇ ಪಾರಂಪರಿಕ ಕಟ್ಟಡದ ಮಾಲೀಕರಿಗೆ ಟಿಡಿಆರ್ (ಕಟ್ಟೋ ಹಕ್ಕನ್ನ ಬೇರೆ ಕಡೆ ಬಳಸೋಕೆ ಅಥವಾ ಮಾರೋಕೆ ಬಿಡೋ ಪತ್ರ) ಕೊಡೋ ನಿಯಮ ಇದೆ. ಇಲ್ಲಿ ಸ್ಮಾರಕದ ಪಕ್ಕದವರಿಗೆ ಯಾಕಿಲ್ಲ?

ಕಲಂ20
ಎರಡೂ ಬೇರೆ. ಅಲ್ಲಿ ಮಾಲೀಕರ ಕಟ್ಟಡವೇ ಪಾರಂಪರಿಕ, ಅದನ್ನ ಉಳಿಸಿದ್ದಕ್ಕೆ ಹಕ್ಕು ಬೇರೆ ಕಡೆ ಸಿಗುತ್ತೆ. ನೂರು ಮೀಟರ್ ಒಳಗಿನವರ ಮನೆಗೆ ಪಾರಂಪರಿಕ ಬೆಲೆ ಇದೆ ಅಂತ ಯಾರೂ ಹೇಳಿಲ್ಲ, ಪಕ್ಕದಲ್ಲಿರೋದೇ ಅದರ ತಪ್ಪು. 1958ರ ಕಾಯ್ದೆಯ ಕಲಂ 27ರಲ್ಲಿ ನಷ್ಟಪರಿಹಾರ ಇದೆ: ಇಲಾಖೆ ನಿಮ್ಮ ಜಮೀನಿಗೆ ಬಂದು ಉತ್ಖನನ ಮಾಡಿದ್ದರಿಂದ, ಅಥವಾ ಕಾಯ್ದೆಯ ಬೇರೆ ಯಾವುದೇ ಅಧಿಕಾರ ಚಲಾಯಿಸಿದ್ದರಿಂದ ಆದ ನಷ್ಟಕ್ಕೆ. ಆ "ಬೇರೆ ಯಾವುದೇ ಅಧಿಕಾರ"ದೊಳಗೆ ಉಂಗುರದ ನಿಷೇಧವನ್ನೂ ತರಬೇಕು ಅನ್ನೋದು ಬಲವಾದ ವಾದ. ಆದ್ರೆ ನಿಷೇಧ ಬಂದಿರೋದು ಅಧಿಕಾರಿ ಏನೋ ಮಾಡಿದ್ದರಿಂದಲ್ಲ, ಕಾಯ್ದೆ ತಾನೇ ಎಳೆದ ಗೆರೆಯಿಂದ, ಅಂತ ಎದುರಿನವರು ಹೇಳ್ತಾರೆ. ಟಿಡಿಆರ್ ರಾಜ್ಯದ ಕೈಲಿರೋದು, ಒತ್ತಾಯ ಅಲ್ಲಿ ಮಾಡಬೇಕು.

ಮದ್ರಾಸ್_ತಾರಸಿ
ಸಣ್ಣ ಊರಲ್ಲಿ ಟಿಡಿಆರ್ ತಗೊಂಡು ಕೊಳ್ಳೋರು ಯಾರು ಅನ್ನೋದು ಇನ್ನೊಂದು ಪ್ರಶ್ನೆ ಬಿಡಿ.

ಹೊಲಬದಿ
ಉಂಗುರದ ಮಾತಷ್ಟೇ ಆಯ್ತು. ಸಂರಕ್ಷಿತ ಪ್ರದೇಶದ ಒಳಗೇ ಹೊಲ ಇರೋರು ಕಲಂ 19 ನೋಡಿ. ಸಾಗುವಳಿ ಮಾಡಬಹುದು, ಆದರೆ ಮೇಲ್ಮಣ್ಣಿನಿಂದ ಒಂದಡಿಗಿಂತ ಆಳ ಅಗೆಯೋ ಹಾಗಿಲ್ಲ. ರಾಗಿ, ಜೋಳಕ್ಕೆ ಸಾಕು. ತೆಂಗಿನ ಗುಂಡಿ, ಬೋರ್‌ವೆಲ್, ಆಳ ಉಳುಮೆಯ ಡಿಸ್ಕ್ ನೇಗಿಲು ಇವೆಲ್ಲ ಮಿತಿ ದಾಟುತ್ತೆ.

ಉತಾರ_ಪಹಣಿ
ಪಾಯ ತೋಡುವಾಗ ಹಳೇ ನಾಣ್ಯ, ವಿಗ್ರಹ, ಪಾತ್ರೆ ಸಿಕ್ಕರೆ ಮನೆಗೆ ಒಯ್ಯಬೇಡಿ. ಕೆಲಸ ನಿಲ್ಲಿಸಿ ತಹಶೀಲ್ದಾರ್, ಜಿಲ್ಲಾಧಿಕಾರಿಗೆ ತಿಳಿಸಿ. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಬೇರೆಯೇ ಇದೆ, ಮುಚ್ಚಿಟ್ಟರೆ ಇನ್ನೊಂದು ಕೇಸು.

ಜಂತೆಮನೆ
ಕೊನೇ ಪ್ರಶ್ನೆ ಉಳೀತು, ಮಾರಾಟ?

ಉತಾರ_ಪಹಣಿ
ಮಾರಾಟಕ್ಕೆ ತಡೆ ಇಲ್ಲ. ಆದರೆ ಕೊಳ್ಳೋರು ಎಚ್ಚರವಾಗಿರಬೇಕಾದ ಜಾಗ ಇದು. ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಉಂಗುರ ಕಾಣಲ್ಲ, ಪಹಣಿಯಲ್ಲಿ ಕಾಣಲ್ಲ, ಸಬ್‌ರಿಜಿಸ್ಟ್ರಾರ್ ಕೇಳಲ್ಲ. ಭೂಪರಿವರ್ತನೆ ಆದೇಶ ಇದೆ, ಬಡಾವಣೆ ನಕ್ಷೆ ಮಂಜೂರಾಗಿದೆ ಅಂತ ತೋರಿಸಿದ್ರೂ ಅದು ಎನ್‌ಒಸಿಗೆ ಬದಲಿಯಲ್ಲ. ಬ್ಯಾಂಕಿನ ವಕೀಲರು ಮಾತ್ರ ಕೇಳ್ತಾರೆ, ಅದೂ ಮುಂಗಡ ಕೊಟ್ಟ ಮೇಲೆ ಸಾಲಕ್ಕೆ ಹೋದಾಗ. ಕರಾರುಪತ್ರದಲ್ಲೇ "ಕಟ್ಟಲು ಎನ್‌ಒಸಿ ಸಿಗದಿದ್ದರೆ ಮುಂಗಡ ವಾಪಸ್" ಅಂತ ಒಂದು ಷರತ್ತು ಬರೆಸಿ.

ಸರಪಳಿ_ಮಾಪಕ
ಅದರ ಜೊತೆಗೆ ಸ್ಮಾರಕ ಕೇಂದ್ರದ್ದೋ ರಾಜ್ಯದ್ದೋ ಅಂತಲೂ ನೋಡ್ಕೊಳ್ಳಿ. ರಾಜ್ಯ ಸಂರಕ್ಷಿತ ಅಂದ್ರೆ 1961ರ ರಾಜ್ಯ ಕಾಯ್ದೆ, ದೆಹಲಿಯ ಪ್ರಾಧಿಕಾರ ಬರಲ್ಲ. ಗೇಟಿನ ಹತ್ತಿರದ ನೀಲಿ ಫಲಕ ಓದಿದ್ರೆ ಅರ್ಧ ಗೊತ್ತಾಗುತ್ತೆ.

ಗಾರೆಗಚ್ಚು
ಎನ್‌ಒಸಿ ಸಿಕ್ಕಿದವರಿಗೆ ಒಂದು ಮಾತು. ಖುಷಿಯಲ್ಲಿ ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಬೇಡಿ. ನೆಲದಿಂದ ಏರೋ ತೇವ ಹೊರಗೆ ಆರೋಕೆ ದಾರಿ ಇಲ್ಲದೆ ಒಳಗೇ ನಿಂತು, ಎರಡು ಮೂರು ಮಳೆಗಾಲದಲ್ಲಿ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದುಬರುತ್ತೆ, ಬರುವಾಗ ಮಣ್ಣನ್ನೂ ಕಿತ್ಕೊಂಡು ಬರುತ್ತೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣ ಕನಿಷ್ಠ ಹದಿನೈದು ದಿನ ನೀರಲ್ಲಿ ನೆನೆದಿರಲಿ. ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪ ಬೇಡ, ಒಂದು ವಾರ ಗೋಣಿ ಕಟ್ಟಿ ತೇವ ಇಡಿ. ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತೆ.

ಬಾರಾಕಮಾನ್_ಓಣಿ
ಗಾರೆ ಕೆಲಸ ಬಲ್ಲ ಮೇಸ್ತ್ರಿ ಎಲ್ಲಿ ಸಿಗತಾನ ಅದನ್ನೂ ಹೇಳ್ರಿ ಮತ್ತ. ಎನ್‌ಒಸಿಗಿಂತ ಅವನ್ನ ಹುಡುಕೂದ ತಡ ಆಗತೈತಿ.

ಗಾರೆಗಚ್ಚು
ಅದಕ್ಕೆ ಬೇರೆ ಎಳೆ ತೆಗೀರಿ, ಇಲ್ಲಿ ಶುರು ಮಾಡಿದ್ರೆ ಬೆಳಗಾಗುತ್ತೆ.